‘ಎಲ್ಲ ಸರಿಯಾಗ್ತದೆ’ ಎಂದರೆ ಸಾಕೇ?



ಬೆಳಿಗ್ಗೆ ಎದ್ದು ಮೊಬೈಲ್ ತೆರೆದರೆ ನಮ್ಮ ಯುವ ಘಟಕದ ವಾಟ್ಸ್ಯಾಪ್ ಗುಂಪಿನಲ್ಲಿ ಏನಿರುತ್ತದೆ ಎಂದು ನಿಮಗೆಲ್ಲ ಗೊತ್ತು. ಒಂದು ಸೂರ್ಯೋದಯ, ಅದರ ಪಕ್ಕದಲ್ಲಿ ಒಂದು ಗುಲಾಬಿ, ಕೆಳಗೆ ‘ಸದಾ ಒಳ್ಳೆಯದನ್ನೇ ಯೋಚಿಸಿ’ ಎಂಬ ಸಾಲು. ಹತ್ತು ಜನ ಕೈಮುಗಿಯುವ ಚಿಹ್ನೆ ಹಾಕುತ್ತಾರೆ, ಉಳಿದವರು ನೋಡಿ ಮುಂದೆ ಹೋಗುತ್ತಾರೆ. ಇದನ್ನು ಗೇಲಿ ಮಾಡಲು ಬರೆಯುತ್ತಿಲ್ಲ. ಆ ಚಿತ್ರಗಳನ್ನು ಹೆಚ್ಚು ಕಳುಹಿಸುತ್ತಿದ್ದವರು ನಾವೇ, ಅಂದರೆ ಘಟಕದ ಪದಾಧಿಕಾರಿಗಳು. ಯುವಜನರಲ್ಲಿ ಉತ್ಸಾಹ ತುಂಬುವುದು ನಮ್ಮ ಕೆಲಸ ಎಂದು ನಂಬಿದ್ದೆವು. ಈಗಲೂ ನಂಬುತ್ತೇವೆ. ಆದರೆ ಕಳೆದ ಮಳೆಗಾಲದಲ್ಲಿ ನಡೆದ ಒಂದು ಸಂಗತಿ, ಉತ್ಸಾಹ ತುಂಬುವುದು ಎಂದರೇನು ಎಂದು ನಮ್ಮನ್ನೇ ಕೇಳಿಕೊಳ್ಳುವಂತೆ ಮಾಡಿತು.

ನಮ್ಮ ಜೊತೆ ಬಿಎಸ್ಸಿ ಓದಿದ ಗೆಳೆಯನೊಬ್ಬ. ಮೂರು ವರ್ಷ ಒಂದೇ ರೈಲಿನಲ್ಲಿ, ಬಾಗಿಲ ಬಳಿ ನಿಂತುಕೊಂಡು ಮಂಗಳೂರಿಗೆ ಹೋಗಿ ಬಂದವರು ನಾವು. ಚರ್ಚಿನ ಗಾಯನ ಮಂಡಳಿಯಲ್ಲಿ ಅವನದೇ ಗಟ್ಟಿ ಸ್ವರ. ಪದವಿ ಮುಗಿಸಿ ಪಿಎಸ್‌ಸಿ ಪರೀಕ್ಷೆಗೆ ಕೂತ. ರ‍್ಯಾಂಕ್ ಲಿಸ್ಟ್ ಬಂತು, ಹೆಸರಿಲ್ಲ. ಇನ್ನೊಂದು ಬರೆದ, ಅದರಲ್ಲೂ ಇಲ್ಲ. ಅದೇ ಮಳೆಗಾಲದಲ್ಲಿ ಅವನ ಅಪ್ಪನ ತೋಟಕ್ಕೆ ಕೊಳೆರೋಗ ಬಂದು ಎಳೆ ಅಡಿಕೆ ಬುಡಕ್ಕೆ ಉದುರಿತು. ಅವನು ಮೀಟಿಂಗಿಗೆ ಬರುವುದು ನಿಲ್ಲಿಸಿದ. ಹಾಡಲು ಬರುವುದನ್ನೂ ನಿಲ್ಲಿಸಿದ. ನಾವು ಬಿಡಲಿಲ್ಲ, ದಿನಾ ಮೆಸೇಜ್ ಕಳುಹಿಸಿದೆವು. ‘ಎಲ್ಲ ಸರಿಯಾಗ್ತದೆ ಮಾರಾಯ.’ ‘ದೇವರ ಯೋಜನೆ ಇರ್ತದೆ.’ ‘ನೆಗೆಟಿವ್ ಯೋಚನೆ ಬಿಡು.’ ಒಂದು ರಾತ್ರಿ ನೋಡಿದರೆ ಅವನು ಗುಂಪಿನಿಂದಲೇ ಹೊರಹೋಗಿದ್ದ.

ಮರುದಿನ ನಮ್ಮಲ್ಲಿ ಇಬ್ಬರು ಅವನ ಮನೆಗೆ ಹೋದೆವು. ಅಮ್ಮ ಚಹಾ ಇಟ್ಟು ಒಳಗೆ ಹೋದರು. ಜಗಲಿಯಲ್ಲಿ ಕೂತು ಅವನು ಹೇಳಿದ ಮಾತು ಇದು: ‘ನೀವು ಎಲ್ಲ ಸರಿಯಾಗ್ತದೆ ಅಂತ ಹೇಳುವಾಗೆಲ್ಲ ನನಗೆ ಎಂತ ಅನಿಸ್ತದೆ ಗೊತ್ತುಂಟಾ? ನನ್ನ ಕತೆ ಕೇಳಲಿಕ್ಕೆ ನಿಮಗೆ ಪುರುಸೊತ್ತಿಲ್ಲ ಅಂತ.’

ನಮಗೆ ಉತ್ತರ ಸಿಗಲಿಲ್ಲ. ಯಾಕೆಂದರೆ ಅದು ನಿಜ. ಅಷ್ಟು ದಿನಗಳಲ್ಲಿ ನಾವು ಅವನಿಗೆ ಎಷ್ಟೋ ಮಾತು ಹೇಳಿದ್ದೆವು, ಒಂದು ಪ್ರಶ್ನೆ ಕೇಳಿರಲಿಲ್ಲ. ಈ ವಿಷಯ ಬರೆಯಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ‘ಹೆಸರು ಹಾಕಬೇಡಿ, ಉಳಿದದ್ದೆಲ್ಲ ಬರೆಯಿರಿ’ ಎಂದಿದ್ದಾನೆ.

ಆಶಾವಾದ ಬೇಡ ಎಂದು ನಾವು ಹೇಳುತ್ತಿಲ್ಲ. ಬೇಕೇ ಬೇಕು. ಆದರೆ ನಾವು ಹಂಚುತ್ತಿದ್ದದ್ದು ಆಶಾವಾದವೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಎದುರಿಗಿರುವವರ ನೋವು ನಮಗೆ ತಾಗದಂತೆ ಹಿಡಿದ ಕೊಡೆ ಅದು. ನಿಜವಾದ ಆಶಾವಾದ ಬೇರೆ. ಅದನ್ನು ಕಲಿಯಬಹುದು, ಬೆಳೆಸಬಹುದು, ಅದೂ ದಿನನಿತ್ಯದ ಸಣ್ಣ ಕೆಲಸಗಳಲ್ಲಿ.

ಹಗಲುಗನಸು ಬೇರೆ, ನಿರೀಕ್ಷೆ ಬೇರೆ

ಒಳ್ಳೆಯದನ್ನೇ ಕಲ್ಪಿಸಿಕೊಂಡರೆ ಒಳ್ಳೆಯದೇ ಆಗುತ್ತದೆ ಎಂದು ಎಷ್ಟೋ ಭಾಷಣಕಾರರು ಹೇಳುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗನ್ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಓದು ಮುಗಿಸಿ ಕೆಲಸ ಹುಡುಕುತ್ತಿದ್ದ ಪದವೀಧರರನ್ನು, ಅಂದರೆ ನಮ್ಮಂಥವರನ್ನೇ, ಅವರು ಮಾತನಾಡಿಸಿದರು. ಒಳ್ಳೆಯ ಕೆಲಸ ಸಿಕ್ಕಿದಂತೆ ಎಷ್ಟು ಹಗಲುಗನಸು ಕಾಣುತ್ತೀರಿ, ನಿಮಗೆ ಕೆಲಸ ಸಿಗುತ್ತದೆಂಬ ನಿರೀಕ್ಷೆ ಎಷ್ಟಿದೆ ಎಂದು ಎರಡನ್ನೂ ಬೇರೆ ಬೇರೆ ಕೇಳಿದರು. ಎರಡು ವರ್ಷಗಳ ಬಳಿಕ ಮತ್ತೆ ವಿಚಾರಿಸಿದಾಗ, ಸಿಹಿ ಹಗಲುಗನಸನ್ನು ಹೆಚ್ಚು ಕಂಡವರಿಗೆ ಬಂದ ಕೆಲಸದ ಕರೆಗಳು ಕಡಿಮೆ, ಸಂಬಳವೂ ಕಡಿಮೆ. ‘ನನ್ನಿಂದ ಆಗುತ್ತದೆ’ ಎಂಬ ನಿರೀಕ್ಷೆ ಇದ್ದವರು ಮಾತ್ರ ಮುಂದೆ ಹೋಗಿದ್ದರು.

ಕಾರಣ ಊಹಿಸುವುದು ಕಷ್ಟವಲ್ಲ. ಕನಸಿನಲ್ಲಿ ಕೆಲಸ ಆಗಲೇ ಸಿಕ್ಕಿದೆ, ಇನ್ನು ಅರ್ಜಿ ಬರೆಯಲು ಮನಸ್ಸು ಯಾಕೆ ಅವಸರ ಮಾಡೀತು? ಓಟಿಂಗನ್ ಕೊಡುವ ಸಲಹೆಯೂ ಸರಳ. ಬೇಕಾದದ್ದನ್ನು ಯೋಚಿಸು, ಕೂಡಲೇ ಅದಕ್ಕೆ ಅಡ್ಡ ಬರುವುದೇನು ಎಂದೂ ಯೋಚಿಸು, ಆ ಅಡ್ಡಿ ಬಂದಾಗ ಏನು ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸು.

ಇದನ್ನು ಓದಿದಾಗ ನಮಗೆ ಮೊದಲು ನೆನಪಾದದ್ದು ಅಡಿಕೆ ತೋಟ.

ಮದ್ದು ಬಿಡುವವರ ಆಶಾವಾದ

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕೊಳೆರೋಗಕ್ಕೆ ಕಾರಣವಾದ ಫೈಟೊಫ್ತೊರಕ್ಕೆ ಇಂಥ ಚಳಿ, ಇಂಥ ನೀರು ಹಬ್ಬದೂಟ. ಮಳೆ ಬರುತ್ತದೆ, ರೋಗವೂ ಬರಬಹುದು ಎಂದು ತೋಟದವರಿಗೆ ಗೊತ್ತು. ಹಾಗಾದರೆ ಅವರೇನು ಮಾಡುತ್ತಾರೆ? ‘ಈ ಸಲ ಏನೂ ಆಗುವುದಿಲ್ಲ’ ಎಂದು ಸುಮ್ಮನೆ ಕೂರುವುದಿಲ್ಲ. ‘ಹೇಗೂ ಹೋಗುತ್ತದೆ’ ಎಂದು ಮರವನ್ನು ಬಿಟ್ಟುಬಿಡುವುದೂ ಇಲ್ಲ. ಮಳೆ ಹಿಡಿಯುವ ಮೊದಲೇ ಮದ್ದು ಬಿಡುತ್ತಾರೆ. ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೈವತ್ತು ಲೀಟರ್ ನೀರಿನಲ್ಲಿ, ಎರಡನ್ನೂ ಸೇರಿಸಿದರೆ ನೂರು ಲೀಟರ್ ಬೋರ್ಡೋ ದ್ರಾವಣ. ನಲವತ್ತು-ನಲವತ್ತೈದು ದಿನ ಕಳೆದ ಮೇಲೆ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಇನ್ನೊಂದು ಸಲ.

ಇದರಲ್ಲಿ ಇನ್ನೊಂದು ವಿಷಯ ಉಂಟು. ಬಿಎಸ್ಸಿ ರಸಾಯನಶಾಸ್ತ್ರದಲ್ಲಿ ನಾವು ಓದಿದ್ದನ್ನು ನಮ್ಮ ಅಜ್ಜಂದಿರು ತೋಟದಲ್ಲೇ ಮಾಡುತ್ತಿದ್ದರು. ದ್ರಾವಣ ಸರಿಯಾಗಿದೆಯೇ ಎಂದು ನೋಡಲು ತಿಕ್ಕಿ ತೊಳೆದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುವುದು. ಕತ್ತಿಯ ಮೇಲೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಹಾಕದೆ ಹಾಗೇ ಬಿಟ್ಟರೆ ರಕ್ಷಿಸಬೇಕಾದ ಮದ್ದೇ ಮರವನ್ನು ಸುಡುತ್ತದೆ.

ನಾವು ಗೆಳೆಯನಿಗೆ ಕೊಟ್ಟದ್ದು ಸುಣ್ಣ ಹಾಕದ ಮದ್ದು. ಒಳ್ಳೆಯ ಉದ್ದೇಶವೇನೋ ಇತ್ತು, ಆದರೆ ಅವನಿಗೆ ಉರಿಯಿತು. ಸತ್ಯವನ್ನು ಬೆರೆಸದ ಆಶಾವಾದ ಹಾಗೆಯೇ. ಮಳೆ ಬರುತ್ತದೆ ಎಂದು ಒಪ್ಪಿಕೊಂಡೇ ತಯಾರಿ ಮಾಡುವ ನಮ್ಮ ತೋಟದವರ ಆಶಾವಾದ ನಮಗೆ ಮಾದರಿ. ಮದ್ದು ಬಿಟ್ಟ ತೋಟಕ್ಕೂ ಕೆಲವೊಮ್ಮೆ ರೋಗ ಬರುತ್ತದೆ. ಆದರೂ ಮುಂದಿನ ವರ್ಷ ಮೇ ತಿಂಗಳಲ್ಲಿ ಅವರು ಮತ್ತೆ ಮೈಲುತುತ್ತು ತರಲು ಅಂಗಡಿಗೆ ಹೋಗುತ್ತಾರೆ.

ನಮಗೆ ನಾವೇ ಹೇಳಿಕೊಳ್ಳುವ ಮೂರು ಸುಳ್ಳು

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಒಂದು ಉಪಯುಕ್ತ ವಿಷಯ ಗುರುತಿಸಿದ್ದಾರೆ. ಕಷ್ಟ ಎಲ್ಲರಿಗೂ ಬರುತ್ತದೆ. ಆದರೆ ಆ ಕಷ್ಟವನ್ನು ನಾವು ನಮಗೆ ಹೇಗೆ ವಿವರಿಸಿಕೊಳ್ಳುತ್ತೇವೆ ಎಂಬುದರಲ್ಲಿ ನಿರಾಶಾವಾದಿಗೂ ಆಶಾವಾದಿಗೂ ವ್ಯತ್ಯಾಸ. ನಿರಾಶೆಯಲ್ಲಿರುವ ಮನಸ್ಸು ಮೂರು ರೀತಿಯಲ್ಲಿ ಮಾತನಾಡುತ್ತದೆ: ಇದು ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ, ತಪ್ಪೆಲ್ಲ ನನ್ನದೇ.

ಮೊದಲನೆಯದು ‘ಯಾವಾಗಲೂ’. ‘ನನಗೆ ಯಾವತ್ತೂ ರ‍್ಯಾಂಕ್ ಬರುವುದಿಲ್ಲ.’ ನಿಜವೆಂದರೆ ಎರಡು ಸಲ ಬರಲಿಲ್ಲ. ಎರಡು ಸಲ ಮತ್ತು ಯಾವತ್ತೂ ಒಂದೇ ಅಲ್ಲ. ಲೆಕ್ಕ ಕಲಿತ ನಮಗೆ ಇಷ್ಟು ಗೊತ್ತಿರಬೇಕು.

ಎರಡನೆಯದು ‘ಎಲ್ಲದರಲ್ಲೂ’. ಪರೀಕ್ಷೆ ಕೈಕೊಟ್ಟಿತು, ಆದ್ದರಿಂದ ನಾನು ಯಾವುದಕ್ಕೂ ಪ್ರಯೋಜನವಿಲ್ಲದವನು. ಇಲ್ಲಿ ನಮ್ಮ ಮಂಜೇಶ್ವರದವರೇ ಆದ ಗೋವಿಂದ ಪೈಗಳನ್ನು ನೆನೆಯಬೇಕು. ತಂದೆಯ ಅನಾರೋಗ್ಯದಿಂದ ಮದ್ರಾಸಿನಿಂದ ಊರಿಗೆ ಮರಳಬೇಕಾಗಿ ಬಂದು ಅವರ ಬಿಎ ಪೂರ್ತಿಯಾಗಲಿಲ್ಲ. ಆ ಒಂದು ಬಾಗಿಲು ಮುಚ್ಚಿತು. ಅವರು ಮಂಜೇಶ್ವರದ ಮನೆಯಲ್ಲೇ ಕೂತು ಭಾಷೆಯ ಮೇಲೆ ಭಾಷೆ ಕಲಿತರು, ಸಂಶೋಧನೆ ಮಾಡಿದರು, ಯೇಸುಸ್ವಾಮಿಯ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’ ಬರೆದರು. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಪದವಿ ಬಿಟ್ಟವರೆಲ್ಲ ಗೋವಿಂದ ಪೈ ಆಗುತ್ತಾರೆ ಎಂದು ಇದರ ಅರ್ಥವಲ್ಲ, ಹಾಗೆ ಹೇಳಿದರೆ ಅದೂ ಸುಳ್ಳೇ. ಒಂದು ಕಡೆ ಆದ ನಷ್ಟ ಇನ್ನೊಂದು ಕಡೆಯ ಸಾಮರ್ಥ್ಯವನ್ನು ತೆಗೆದುಹಾಕುವುದಿಲ್ಲ ಎಂಬುದಷ್ಟೇ ಅರ್ಥ.

ಮೂರನೆಯದು ‘ತಪ್ಪೆಲ್ಲ ನನ್ನದೇ’. ಅಡಿಕೆ ಉದುರಿದ್ದು ಮಗನ ತಪ್ಪಲ್ಲ. ಹುದ್ದೆಗಳು ಕೆಲವು, ಬರೆಯುವವರು ಸಾವಿರಾರು ಆಗಿರುವುದೂ ಅವನ ತಪ್ಪಲ್ಲ. ಓದಿದ್ದು ಸಾಲದಿದ್ದರೆ ಅದು ಅವನ ಪಾಲು, ಅದನ್ನು ಸರಿಮಾಡಬಹುದು. ಯಾವುದು ನಮ್ಮ ಪಾಲು, ಯಾವುದು ಅಲ್ಲ ಎಂದು ಬೇರೆ ಮಾಡಿದರೆ ಹೊರೆ ಅರ್ಧ ಇಳಿಯುತ್ತದೆ.

ಈ ಜಾಗದಲ್ಲಿ ತಂದೆತಾಯಂದಿರಲ್ಲಿ ಒಂದು ವಿನಂತಿ. ಈ ಮೂರು ಮಾತುಗಳು ಮಕ್ಕಳ ತಲೆಯೊಳಗೆ ತಾವಾಗಿ ಹುಟ್ಟುವುದಿಲ್ಲ, ಎಷ್ಟೋ ಸಲ ಊಟದ ಮೇಜಿನಿಂದಲೇ ಬರುತ್ತವೆ. ‘ಆಚೆ ಮನೆಯವನು ದುಬೈಯಲ್ಲಿದ್ದಾನೆ, ನೀನು ಮಾತ್ರ ಯಾವಾಗಲೂ ಹೀಗೇ’ ಎಂಬ ಒಂದು ಸಾಲಿನಲ್ಲಿ ಹೋಲಿಕೆಯೂ ಉಂಟು, ‘ಯಾವಾಗಲೂ’ ಎಂಬ ಸುಳ್ಳೂ ಉಂಟು. ನೀವು ಹೇಳುವುದು ಕಾಳಜಿಯಿಂದ ಎಂದು ನಮಗೆ ಗೊತ್ತು. ‘ಈ ಸಲ ಆಗಲಿಲ್ಲ, ಮುಂದಿನದಕ್ಕೆ ಏನು ಬೇಕು?’ ಎಂದು ಕೇಳಿದರೆ ಅದೇ ಕಾಳಜಿ ನಮ್ಮ ಮನಸ್ಸಿಗೆ ಮುಟ್ಟುತ್ತದೆ.

ಗಡಿಯಲ್ಲಿರುವವರಿಗೆ ಹೇಳುವುದು ಸುಲಭವೇ?

ಇದನ್ನೆಲ್ಲ ಓದಿ ಕೆಲವರು ಕೇಳಬಹುದು: ನಮ್ಮ ಪರಿಸ್ಥಿತಿಯೇ ಹೀಗಿರುವಾಗ ಎಂಥ ಆಶಾವಾದ? ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ. ಕಾಲೇಜಿಗೂ ದೊಡ್ಡ ಆಸ್ಪತ್ರೆಗೂ ಮಂಗಳೂರು, ಸರ್ಕಾರಿ ಕೆಲಸಕ್ಕೆ ತಿರುವನಂತಪುರ. 1956ರ ನವೆಂಬರ್ 1ರಿಂದ ಇದೇ ಕತೆ. ಈ ಪ್ರಶ್ನೆ ನ್ಯಾಯವಾದದ್ದು. ಇದನ್ನು ‘ನೆಗೆಟಿವ್’ ಎಂದು ತಳ್ಳಿಹಾಕಬಾರದು.

2020ರ ಮಾರ್ಚ್ ನೆನಪಿಸಿಕೊಳ್ಳಿ. ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು, ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ನಿಂತವು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ಕೆಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಅದು ನಿಜ, ಅದನ್ನು ಮರೆಯಬಾರದು. ಅದೇ ದಿನಗಳಲ್ಲಿ ಇಡೀ ದೇಶ ಕಾಸರಗೋಡಿನ ಹೆಸರು ಕೇಳಿದರೆ ಹೆದರುತ್ತಿತ್ತು. ಆದರೆ ಆ ಮೊದಲ ಹಂತದಲ್ಲಿ ಜಿಲ್ಲೆಯಲ್ಲಿ ಸೋಂಕು ತಗುಲಿದ್ದ 170ಕ್ಕೂ ಹೆಚ್ಚು ಮಂದಿ ಮೇ ತಿಂಗಳ ಹೊತ್ತಿಗೆ ಎಲ್ಲರೂ ಗುಣವಾಗಿ ಮನೆಗೆ ಹೋದರು. ಅದೂ ನಿಜ. ಸರ್ಕಾರಿ ಆಸ್ಪತ್ರೆಗಳ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಔಷಧಿ ತಲುಪಿಸಿದ ಅಗ್ನಿಶಾಮಕ ಸಿಬ್ಬಂದಿ ಸೇರಿ ಮಾಡಿದ ಕೆಲಸ ಅದು.

ಎರಡರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದು ಸುಲಭ. ಮೊದಲನೆಯದನ್ನು ಮಾತ್ರ ಹಿಡಿದುಕೊಂಡರೆ ಕಹಿ, ಎರಡನೆಯದನ್ನು ಮಾತ್ರ ಹಿಡಿದುಕೊಂಡರೆ ಬಡಾಯಿ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡಾಗ ಕೇಳಬೇಕಾದ ಪ್ರಶ್ನೆ ತಾನಾಗಿ ಬರುತ್ತದೆ: ಇನ್ನೊಮ್ಮೆ ಹೀಗಾಗದಂತೆ ನಮ್ಮ ಜಿಲ್ಲೆಗೇ ಒಳ್ಳೆಯ ಆಸ್ಪತ್ರೆ ಬೇಕಲ್ಲ? ಆಶಾವಾದಿ ದೂರು ಕೊಡುವುದಿಲ್ಲ ಎಂದು ತಿಳಿಯಬೇಡಿ. ಸರಿಯಾಗಬಹುದು ಎಂದು ನಂಬುವವನೇ ಅರ್ಜಿ ಹಿಡಿದುಕೊಂಡು ಪಂಚಾಯತ್ ಕಚೇರಿಗೆ ಹೋಗುತ್ತಾನೆ. ನಂಬಿಕೆ ಇಲ್ಲದವನು ಮನೆಯಲ್ಲಿ ಕೂತು ಗೊಣಗುತ್ತಾನೆ.

ಎಮ್ಮಾವಿನ ದಾರಿ

ಗೆಳೆಯನ ಮನೆಯಿಂದ ಬಂದ ವಾರ ನಮ್ಮ ಘಟಕದ ಸಭೆಯಲ್ಲಿ ಈ ವಿಷಯವನ್ನು ಫಾದರ್ ಮುಂದೆ ಇಟ್ಟೆವು. ಅವರು ಉಪದೇಶ ಮಾಡಲಿಲ್ಲ. ಎಮ್ಮಾವಿಗೆ ಹೋಗುತ್ತಿದ್ದ ಇಬ್ಬರು ಶಿಷ್ಯರ ಪ್ರಸಂಗವನ್ನು ಮತ್ತೆ ಓದಿ ಎಂದರು, ಅಷ್ಟೇ.

ಆ ಇಬ್ಬರು ಭರವಸೆ ಕಳೆದುಕೊಂಡು ಊರು ಬಿಟ್ಟು ಹೊರಟವರು. ಪುನರುತ್ಥಾನರಾದ ಯೇಸುಸ್ವಾಮಿ ಅವರ ಜೊತೆ ಸೇರಿಕೊಂಡರು. ಅವರ ಬಳಿ ಲೋಕದ ಅತ್ಯಂತ ಒಳ್ಳೆಯ ಸುದ್ದಿಯೇ ಇತ್ತು. ಆದರೂ ಬಂದ ಕೂಡಲೇ ಅದನ್ನು ಹೇಳಲಿಲ್ಲ. ಏನು ಮಾತಾಡುತ್ತಿದ್ದೀರಿ ಎಂದು ಕೇಳಿದರು. ಅವರ ದುಃಖದ ಕತೆಯನ್ನು ಪೂರ್ತಿ ಹೇಳಲು ಬಿಟ್ಟರು. ಅವರು ಹೋಗುತ್ತಿದ್ದ ದಾರಿಯಲ್ಲೇ ಜೊತೆಗೆ ನಡೆದರು, ಆಮೇಲೆ ಮಾತನಾಡಿದರು, ಕೊನೆಗೆ ಜೊತೆಯಲ್ಲಿ ಕೂತು ರೊಟ್ಟಿ ಮುರಿದರು. ನಾವು ಮೆಸೇಜಿನಲ್ಲಿ ಮಾಡಿದ್ದು ಇದರ ನೇರ ವಿರುದ್ಧ: ಮೊದಲು ಉಪದೇಶ, ನಡೆಯುವುದಂತೂ ಇಲ್ಲವೇ ಇಲ್ಲ.

ಪೋಪ್ ಫ್ರಾನ್ಸಿಸ್ 2025ರ ಜುಬಿಲಿ ವರ್ಷಕ್ಕೆ ಕೊಟ್ಟ ವಿಷಯ ‘ಭರವಸೆಯ ಯಾತ್ರಿಕರು’. ನಮ್ಮ ಚರ್ಚಿನಲ್ಲೂ ಅದರ ಬ್ಯಾನರ್ ಕಟ್ಟಿದ್ದೆವು. ಯಾತ್ರಿಕ ಎಂದರೆ ನಡೆಯುವವನು ಎಂಬುದನ್ನು ಮಾತ್ರ ಗಮನಿಸಿರಲಿಲ್ಲ.

ನಾವು ಈಗ ಮಾಡುತ್ತಿರುವುದು

ದೊಡ್ಡ ಯೋಜನೆ ಏನಿಲ್ಲ. ಮನೆಯಲ್ಲೂ ವಾಳೆಯಲ್ಲೂ ಮಾಡಬಹುದಾದ ನಾಲ್ಕು ಅಭ್ಯಾಸಗಳು.

ಒಂದು, ಸಲಹೆಗೆ ಮೊದಲು ಪ್ರಶ್ನೆ. ಯಾರಾದರೂ ಕಷ್ಟ ಹೇಳಿಕೊಂಡರೆ ಮೊದಲು ‘ಹೌದಾ, ಏನಾಯ್ತು?’ ಎಂದು ಕೇಳುವುದು. ಕನಿಷ್ಠ ಹತ್ತು ನಿಮಿಷ ‘ಸರಿಯಾಗ್ತದೆ’ ಎಂಬ ಶಬ್ದ ಬಾಯಿಗೆ ಬರಬಾರದು.

ಎರಡು, ವಾರಕ್ಕೊಮ್ಮೆ ಬರೆಯುವುದು. ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲಾ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಕೃತಜ್ಞತೆಯ ಐದು ಸಂಗತಿ ಬರೆದ ವಿದ್ಯಾರ್ಥಿಗಳು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಜೀವನದ ಬಗ್ಗೆ ಹೆಚ್ಚು ತೃಪ್ತಿ ತೋರಿಸಿದರು. ನಾವು ಭಾನುವಾರ ಪೂಜೆಯ ನಂತರ ಮೂರು ಸಂಗತಿ ಬರೆಯುತ್ತೇವೆ. ಒಂದೇ ನಿಯಮ: ‘ಕುಟುಂಬ, ಆರೋಗ್ಯ’ ಎಂದು ಒಟ್ಟಾರೆ ಬರೆಯುವಂತಿಲ್ಲ. ‘ಬುಧವಾರ ಮಳೆಯಲ್ಲಿ ಆಟೋದವರು ಬಾಡಿಗೆ ಬೇಡ ಎಂದರು’ ಎಂಬಷ್ಟು ಸ್ಪಷ್ಟವಾಗಿರಬೇಕು.

ಮೂರು, ಕೈಯಲ್ಲಿರುವ ಒಂದು ಕೆಲಸ. ಸಮಸ್ಯೆ ಎಷ್ಟೇ ದೊಡ್ಡದಿರಲಿ, ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು ಎಂದು ಕೇಳಿ ಅದನ್ನು ಮುಗಿಸುವುದು. ಪಿಎಸ್‌ಸಿಗೆ ಓದುವ ನಾಲ್ವರು ಈಗ ಶನಿವಾರ ಚರ್ಚ್ ಹಾಲಿನಲ್ಲಿ ಒಟ್ಟಿಗೆ ಕೂತು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ಮಲಯಾಳಂ ಚೆನ್ನಾಗಿ ಬಲ್ಲ ಒಬ್ಬಳು ಉಳಿದವರಿಗೆ ಹೇಳಿಕೊಡುತ್ತಾಳೆ.

ನಾಲ್ಕು, ಮುಖ ನೋಡುವುದು. ಎರಡು ವಾರ ಕಾಣದವರ ಮನೆಗೆ ಯಾರಾದರೊಬ್ಬರು ಹೋಗಬೇಕು. ಗುರಿಕಾರರು ಮಾಡುತ್ತಾರೆ ಎಂದು ಬಿಡುವಂತಿಲ್ಲ.

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ಎಲ್ಲ ಬೇಸರವೂ ನಿರಾಶಾವಾದವಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಇಷ್ಟವಾದದ್ದೂ ಬೇಡ ಅನಿಸುತ್ತದೆ, ಬದುಕೇ ಬೇಡ ಅನಿಸುತ್ತದೆ ಎಂದಾದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ, ನಂಬಿಕೆಯ ಕೊರತೆ ಅಲ್ಲ. ಜ್ವರ ಬಂದವರಿಗೆ ‘ಪಾಸಿಟಿವ್ ಆಗಿರು’ ಎಂದು ಹೇಳಿ ಕಳುಹಿಸುತ್ತೇವೆಯೇ? ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತೇವೆ. ಇಲ್ಲಿಯೂ ಹಾಗೆಯೇ. ಕೇಂದ್ರ ಸರ್ಕಾರದ ಟೆಲಿ ಮಾನಸ್ 14416, ಕೇರಳದ ದಿಶಾ 1056, ಈ ಎರಡು ಸಂಖ್ಯೆಗಳನ್ನು ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ. ಸೂರ್ಯೋದಯದ ಚಿತ್ರದ ಬದಲು ಇದನ್ನು ನಾಲ್ಕು ಜನರಿಗೆ ಕಳುಹಿಸಿದರೂ ಒಳ್ಳೆಯದೇ.

ಗೆಳೆಯನಿಗೆ ಏನಾಯಿತು ಎಂದು ಕೇಳುತ್ತೀರಿ. ಕೆಲಸ ಇನ್ನೂ ಸಿಕ್ಕಿಲ್ಲ. ಸಿಕ್ಕಿದೆ ಎಂದು ಬರೆದಿದ್ದರೆ ಈ ಲೇಖನ ಚೆನ್ನಾಗಿ ಮುಗಿಯುತ್ತಿತ್ತು, ಆದರೆ ಅದು ಸುಣ್ಣ ಹಾಕದ ಮದ್ದು. ಈ ವರ್ಷ ಅವನು ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಮದ್ದು ಬಿಡಲು ಕಲಿತಿದ್ದಾನೆ. ಮರ ಹತ್ತುವವರು ಸಿಗದ ಕಾಲದಲ್ಲಿ ಅಪ್ಪನ ತೋಟವಲ್ಲದೆ ಅಕ್ಕಪಕ್ಕದವರೂ ಕರೆಯುತ್ತಾರೆ. ಶನಿವಾರದ ಓದಿಗೆ ಬರುತ್ತಾನೆ. ಮೊಂತಿ ಹಬ್ಬದ ನೊವೇನದ ಒಂಬತ್ತು ದಿನವೂ, ಮಳೆಯಲ್ಲಿ ನೆನೆದು ಹೂವಿನ ಬುಟ್ಟಿ ತಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸಿದವನು ಅವನೇ.

ವಾಟ್ಸ್ಯಾಪ್ ಗುಂಪಿಗೆ ಮಾತ್ರ ಇನ್ನೂ ಸೇರಿಲ್ಲ. ನಾವೂ ಒತ್ತಾಯ ಮಾಡಿಲ್ಲ. ಏನಾದರೂ ಹೇಳಬೇಕಿದ್ದರೆ ಮನೆಗೇ ಹೋಗುತ್ತೇವೆ.